ದೊಡ್ಡಪ್ಪ ತಲೆ ಎತ್ತದೆ ಉಣ್ಣೆ ಕತ್ತರಿಸಿದ್ದು

ನಮ್ಮ ದೇಶದ ಸಾಕ್ಷ್ಯಚಿತ್ರಗಳ ಇತಿಹಾಸವನ್ನು ಯಾರಾದರೂ ಪುಣ್ಯಾತ್ಮರು ಬರೆಯುವುದಾದರೆ, ಐಮಂಗಲದ ಪಕ್ಕದ ನಮ್ಮ ಹಟ್ಟಿಗೆ ಅದರಲ್ಲಿ ಒಂದು ಅಧ್ಯಾಯ ಬೇಡ, ಒಂದು ಅಡಿಟಿಪ್ಪಣಿಯನ್ನಾದರೂ ದಯಪಾಲಿಸಬೇಕೆಂದು ವಿನಂತಿ. ಟೆಲಿವಿಷನ್ ಎಂಬ ಪದಾರ್ಥವನ್ನು ಹಟ್ಟಿಯಲ್ಲಿ ಒಬ್ಬರೂ ಕಣ್ಣಿಂದ ಕಂಡಿರದಿದ್ದ ಎಪ್ಪತ್ತರ ದಶಕದ ಆ ದಿನಗಳಲ್ಲೇ ನಾವು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು ಮುಗಿಸಿದ್ದೆವು. ನೋಡುವ ಮೊದಲೇ ಕಾಣಿಸಿಕೊಳ್ಳುವ ಭಾಗ್ಯ ಎಲ್ಲ ಊರಿಗೂ ಬರುವುದಿಲ್ಲ.

ಇದಕ್ಕೆಲ್ಲ ಮೂಲಕಾರಣ ಅಕ್ಕಿ.

ನನ್ನ ದೊಡ್ಡಪ್ಪನಿಗೆ ಒಬ್ಬಳೇ ಮಗಳು. ತಾನು ಜೀವಮಾನವಿಡೀ ರಾಗಿಮುದ್ದೆ ನುಂಗಿದ್ದಾಯಿತು, ಮಗಳಾದರೂ ಮೂರು ಹೊತ್ತು ಬಿಳಿ ಅನ್ನ ಉಣ್ಣಲಿ ಎಂದು ಅವನು ಅವಳನ್ನು ರಾಯಚೂರು ಸೀಮೆಯ ಒಂದು ಕಾಲುವೆ ಊರಿಗೆ ಕೊಟ್ಟ. ಕಾಲುವೆ ನೀರಿನ ಗುಣ ಅವನಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಮಳೆ ನಿಂತರೆ ಹೊಲದ ಕೆಲಸವೂ ನಿಲ್ಲುತ್ತದೆ, ನೆಂಟರ ಮನೆಗೆ ಹೋಗಿಬರಲು ಪುರುಸೊತ್ತಾಗುತ್ತದೆ. ಅಲ್ಲಿ ನೀರು ನಿಲ್ಲುವುದೇ ಇಲ್ಲ. ನಾಟಿ ಮುಗಿದರೆ ಕಳೆ, ಕಳೆ ಮುಗಿದರೆ ಕೊಯ್ಲು, ಕೊಯ್ಲಿನ ಹಿಂದೆಯೇ ಮತ್ತೆ ನಾಟಿ. ಹೋದ ಮಗಳು ಎರಡು ವರ್ಷವಾದರೂ ತವರಿಗೆ ಬರಲಿಲ್ಲ. ಕರೆಯಲು ಹೋದವರಿಗೆಲ್ಲ ಅವಳ ಅತ್ತೆ ಹೊಟ್ಟೆ ಬಿರಿಯುವಷ್ಟು ಅನ್ನ ಬಡಿಸಿ, "ಈ ಬೆಳಿ ಒಂದು ಮುಗೀಲಿ, ಕಳಿಸ್ತೀನಿ" ಎಂದು ಹೇಳಿ ಬಸ್ಸು ಹತ್ತಿಸುತ್ತಿದ್ದಳು. ತಾನೇ ಹೋಗಿ ನೋಡಿಬರೋಣವೆಂದರೆ ದೊಡ್ಡಪ್ಪನ ಹಿಂದೆ ಕುರಿಹಿಂಡು. ಕುರಿಗಳಲ್ಲಿ ರಜೆ ಮಂಜೂರು ಮಾಡುವ ಪದ್ಧತಿಯಿಲ್ಲ.

ಈ ಪರಿಸ್ಥಿತಿಯಿಂದ ಸಂತೋಷಪಡುತ್ತಿದ್ದವನು ಒಬ್ಬನೇ. ಅವನು ನಮ್ಮ ಮಾವ, ಅಂದರೆ ದೊಡ್ಡವ್ವನ ತಮ್ಮ. ಅಕ್ಕನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಅವನು ಹೆಣ್ಣು ಹುಟ್ಟಿದ ದಿನವೇ ಹೇಳಿಟ್ಟಿದ್ದ. ದೊಡ್ಡಪ್ಪ ಅನ್ನದ ಆಸೆಗೆ ಬಿದ್ದು ಒಲ್ಲೆ ಎಂದ. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು. ನಿಂತಿತು ಎಂದರೆ ಮಾತು ಕಡಿಮೆಯಾಯಿತೆಂದು ತಿಳಿಯಬಾರದು. ಮೊದಲಿಗಿಂತ ಹೆಚ್ಚೇ ಆಯಿತು. ಆದರೆ ಎಲ್ಲವೂ ಮೂರನೆಯವರ ಮೂಲಕ ಸಾಗಬೇಕು. ಮೂರನೆಯವರು ಸಿಗದಿದ್ದರೆ ಪ್ರಾಣಿಗಳ ಮೂಲಕ. ಇಬ್ಬರ ಕುರಿರೊಪ್ಪಗಳ ನಡುವೆ ಇದ್ದದ್ದು ಒಂದು ಜಾಲಿಮುಳ್ಳಿನ ಬೇಲಿ. ಮಾವ ಆಚೆ ನಿಂತು ತನ್ನ ಟಗರಿಗೆ, "ಏನ್ಲೇ, ನಿಂಗೂ ಮುದ್ದೆ ಸೇರಲ್ವೇನ್ಲೇ? ಅನ್ನದೂರಿಗೆ ಹೋಗ್ತೀಯೇನ್ಲೇ?" ಎಂದು ಕೇಳುತ್ತಿದ್ದ. ಈಚೆ ದೊಡ್ಡಪ್ಪ ತನ್ನ ನಾಯಿಯ ಕಡೆ ತಿರುಗಿ ಅದಕ್ಕೆ ತಕ್ಕ ಉತ್ತರ ಕೊಡುತ್ತಿದ್ದ. ಆ ಟಗರಿಗೂ ಈ ನಾಯಿಗೂ ನಮ್ಮ ಮನೆತನದ ಮದುವೆ ವ್ಯವಹಾರ ಆಮೂಲಾಗ್ರ ತಿಳಿದಿತ್ತು.

ನಾನಾಗ ಹೊಸದಾಗಿ ಮೇಷ್ಟ್ರಾಗಿದ್ದೆ. ಹಟ್ಟಿಯಿಂದಲೇ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋಗಿಬರುತ್ತಿದ್ದೆ. ಒಂದು ಭಾನುವಾರ ಐಮಂಗಲದ ರಸ್ತೆಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಒಂದು ಜೀಪು ಬಂದು ನಿಂತಿತು. ಅದರಿಂದ ದಪ್ಪ ಕನ್ನಡಕದ ಒಬ್ಬರೂ, ಕೊರಳಿಗೆ ಕಪ್ಪು ಬಟ್ಟೆ ಸುತ್ತಿಕೊಂಡಿದ್ದ ಮೌನಿಯೊಬ್ಬನೂ ಇಳಿದರು. ಕನ್ನಡಕದವರು ಚಿತ್ರದ ನಿರ್ದೇಶಕರು, ಮೌನಿ ಕ್ಯಾಮೆರಾದವನು. ಜನ ತಮ್ಮ ತಮ್ಮ ಕಸುಬನ್ನು ಹೇಗೆ ಮಾಡುತ್ತಾರೆ, ಅದರಲ್ಲಿ ಹೇಗೆ ಬದುಕು ಕಟ್ಟಿಕೊಳ್ಳುತ್ತಾರೆ ಎಂದು ತೋರಿಸುವ ಟೀವಿ ಚಿತ್ರಗಳನ್ನು ಅವರು ನಮ್ಮ ಜಿಲ್ಲೆಯ ಉದ್ದಗಲಕ್ಕೆ ತೆಗೆಯುತ್ತ ಬಂದಿದ್ದರು. ಹೊಸದುರ್ಗದಲ್ಲಿ ಕೊಬ್ಬರಿಯವರದಾಗಿತ್ತು, ಹೊಳಲ್ಕೆರೆಯಲ್ಲಿ ಕುಂಬಾರರದು, ಚಿಕ್ಕಜಾಜೂರಿನಲ್ಲಿ ರೈಲ್ವೆಯವರದು. ಈಗ ಕಂಬಳಿಯ ಸರದಿ. ಮಗ್ಗದ ಭಾಗವನ್ನು ಹಿರಿಯೂರಿನಲ್ಲಿ ಮುಗಿಸಿದ್ದರು, ಕುರಿಯಿಂದ ಉಣ್ಣೆ ಇಳಿಸುವುದೊಂದು ಬಾಕಿ.

"ಚೆನ್ನಾಗಿ ಕತ್ತರಿಸೋರು ಯಾರಾದ್ರೂ ಗೊತ್ತಾ?" ಎಂದು ಅವರು ಕೇಳಿದರು.

ಗೊತ್ತು ಎಂದೆ. ಈಗ ಯೋಚಿಸಿದರೆ, ಚಹಾ ಮುಗಿಸಿ ಸುಮ್ಮನೆ ಸೈಕಲ್ ಹತ್ತಬಹುದಿತ್ತು.

ದೊಡ್ಡಪ್ಪನಿಗೆ ಮೊದಲು ಏನೂ ಉತ್ಸಾಹವಿರಲಿಲ್ಲ. ಉಣ್ಣೆ ಕತ್ತರಿಸುವ ಕಾಲ ಹೆಚ್ಚುಕಡಿಮೆ ಮುಗಿದಿತ್ತು, ಹಿಂಡಿನಲ್ಲಿ ಕತ್ತರಿ ಕಾಣದ ಕುರಿಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದವು. "ಕುರಿ ಕತ್ತರ್ಸೋದ್ನ ಏನ್ ನೋಡ್ತಾರಪ್ಪ? ನೋಡೋರಿಗೆ ಮನೇಲಿ ಕೆಲ್ಸ ಇಲ್ವಾ?" ಎಂದ. ನಾನು ಸುಮ್ಮನೆ ಮಾಹಿತಿಗಾಗಿ, ಕನ್ನಡಕದವರು ಹೇಳಿದ್ದಂತೆ, ಈ ಚಿತ್ರವನ್ನು ರಾಯಚೂರು ಕಡೆಯ ಹಳ್ಳಿಗಳಲ್ಲಿ ಸರ್ಕಾರ ಇಟ್ಟಿರುವ ಟೀವಿಗಳಲ್ಲಿ ತೋರಿಸುತ್ತಾರೆ ಎಂದೆ. ಮಗಳ ಊರಿನ ಶಾಲೆಯಲ್ಲಿ ಅಂಥದ್ದೊಂದು ಟೀವಿ ಬಂದಿದೆಯೆಂದೂ, ಸಂಜೆ ಊರೆಲ್ಲ ಅದರ ಮುಂದೆ ಕೂರುತ್ತದೆಂದೂ ಕರೆಯಲು ಹೋಗಿ ಉಂಡುಬಂದವರು, ತಾವು ಕಾಣದಿದ್ದರೂ, ಕೇಳಿಬಂದು ಹೇಳಿದ್ದರು.

ದೊಡ್ಡಪ್ಪ ಎದ್ದು ನಿಂತ. ಒಳಗೆ ಹೋಗಿ ರುಮಾಲು ಬದಲಾಯಿಸಿಕೊಂಡು ಬಂದ.

"ಲೇ ಮೇಷ್ಟ್ರೇ, ಅಂದ್ರೆ ನಾನು ಅವ್ಳಿಗೆ ಕಾಣ್ತೀನಾ?"

"ಕಾಣ್ತೀಯ ದೊಡ್ಡಪ್ಪ. ಈ ಗಾಜಿನ ಮುಂದೆ ಏನು ಮಾಡ್ತೀಯೋ ಅದು ಮುಗಿಲಿಗೆ ಹೋಗಿ, ಅಲ್ಲಿಂದ ಅವಳ ಊರಿಗೆ ಇಳೀತದೆ."

ನನಗೂ ಅಷ್ಟೇ ಗೊತ್ತಿದ್ದದ್ದು. ಅವನು ಕ್ಯಾಮೆರಾದ ಬಳಿ ಹೋಗಿ, ಬಾವಿ ಇಣುಕುವವನಂತೆ ಗಾಜಿನೊಳಗೆ ಬಗ್ಗಿ ನೋಡಿದ.

"ಇಲ್ಲೆಲ್ಲೂ ಕಾಣಲ್ವಲ್ಲಪ್ಪ ಅವ್ಳು?"

"ಅವಳಿಗೆ ನೀನು ಕಾಣ್ತೀಯ. ನಿಂಗೆ ಅವಳು ಕಾಣಲ್ಲ."

"ಇದ್ಯಾವ ನ್ಯಾಯ?" ಎಂದ. ಆಮೇಲೆ ತುಸು ಯೋಚಿಸಿ, "ಹೋಗ್ಲಿ ಬಿಡು, ಹೆತ್ತೋರ ಕರ್ಮ" ಎಂದು ಕತ್ತರಿ ತೆಗೆದುಕೊಂಡ.

ಮುಂದಿನದು ಅರ್ಥವಾಗಲು ನಮ್ಮ ಕಡೆಯ ಒಂದು ಕಟ್ಟಳೆ ತಿಳಿದಿರಬೇಕು. ಒಮ್ಮೆ ಕತ್ತರಿ ಹಾಕಿದ ಕುರಿಯನ್ನು ಅರ್ಧಕ್ಕೆ ಎಬ್ಬಿಸಬಾರದು. ಅರ್ಧ ಬೋಳಾದ ಕುರಿ ಹಿಂಡಿಗೆ ಹೊಕ್ಕರೆ ಇಡೀ ಹಿಂಡಿಗೆ ಕೇಡು. ನೆಂಟರು ಬರಲಿ, ಮಳೆ ಬರಲಿ, ಹಿಡಿದ ಕುರಿಯನ್ನು ಬೋಳು ಮಾಡಿಯೇ ಏಳಬೇಕು.

ಮೊದಲ ಕುರಿ ಮಲಗಿತು. ಕನ್ನಡಕದವರು ಕೈ ಎತ್ತಿ, "ನೋಡಿ ಯಜಮಾನ್ರೇ, ನಾವು ಇಲ್ಲೇ ಇಲ್ಲ ಅಂತ ತಿಳ್ಕೊಳ್ಳಿ. ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ಈ ಕಡೆ ಮಾತ್ರ ನೋಡಬೇಡಿ" ಎಂದರು. ಕ್ಯಾಮೆರಾ ಕರ್ರೆಂದಿತು. ದೊಡ್ಡಪ್ಪ ಕತ್ತರಿ ಹಾಕಿದ. ಹಾಕಿದವನೇ ತಲೆ ಎತ್ತಿ, ಗಾಜನ್ನು ದಿಟ್ಟಿಸಿ, "ಚೆನ್ನಾಗಿದೀಯೇನವ್ವಾ?" ಎಂದ.

"ಕಟ್!" ಎಂದರು ಕನ್ನಡಕದವರು.

ಕ್ಯಾಮೆರಾ ನಿಂತಿತು. ಕತ್ತರಿ ನಿಲ್ಲಲಿಲ್ಲ, ಕಟ್ಟಳೆ ಇತ್ತಲ್ಲ. ಕುರಿ ಪೂರ್ತಿ ಬೋಳಾಗಿ ಎದ್ದು ಹೋದ ಮೇಲೆ ಕನ್ನಡಕದವರು ಅತ್ಯಂತ ಸೌಮ್ಯವಾಗಿ, "ಇನ್ನೊಂದು ಸಲ ಮಾಡೋಣ, ಅದೇ ಕುರಿ ತನ್ನಿ" ಎಂದರು.

ದೊಡ್ಡಪ್ಪ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಅದೇ ಬೇಕಾದ್ರೆ ಆರು ತಿಂಗ್ಳು ಬಿಟ್ಟು ಬರ್ರಿ ಸ್ವಾಮಿ" ಎಂದ ದೊಡ್ಡಪ್ಪ.

ತಪ್ಪು ಕನ್ನಡಕದವರದಲ್ಲ. ಚಿಕ್ಕಜಾಜೂರಿನಲ್ಲಿ ರೈಲಿನ ಇಂಜಿನ್ನು ಅವರಿಗಾಗಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದಿತ್ತು. ಹೊಳಲ್ಕೆರೆಯಲ್ಲಿ ಕುಂಬಾರ ಮಾಡಿದ ಗಡಿಗೆಯನ್ನೇ ಮುದ್ದೆ ಮಾಡಿ ಮತ್ತೆ ತಿರುಗಣಿಗೆ ಹಾಕಿದ್ದ. ನಮ್ಮ ಸೀಮೆಯಲ್ಲಿ ಎಲ್ಲವೂ ಹಿಂದಕ್ಕೆ ಹೋಗಿಬರುತ್ತದೆಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಕುರಿಗೆ ಆ ಸೌಲಭ್ಯವಿಲ್ಲ.

ಎರಡನೆಯ ಕುರಿಯ ಮುಂಚೆ ನಾನು ದೊಡ್ಡಪ್ಪನನ್ನು ಪಕ್ಕಕ್ಕೆ ಕರೆದು ತಿಳಿಹೇಳಿದೆ. "ಆ ಕಡೆ ನೋಡಬೇಡ ದೊಡ್ಡಪ್ಪ. ಮಾತೂ ಆಡಬೇಡ, ಹೇಗಿದ್ರೂ ಅದಕ್ಕೆ ಮಾತು ಕೇಳಲ್ಲ."

"ಲೇ, ಮಗ್ಳು ಎದ್ರಿಗೆ ಕುಂತಿರ್ತಾಳೆ. ಅವ್ಳ ಅತ್ತೆ ಪಕ್ದಲ್ಲಿ ಕುಂತಿರ್ತಾಳೆ. ನಾನು ಕುರಿ ಹೊಟ್ಟೆ ನೋಡ್ಕಂಡು ಕುಂತ್ರೆ ಏನಂದ್ಕಂತಾರೆ? ಎರಡು ವರ್ಷ ಆದ್ಮೇಲೆ ಮುಖ ಕೊಡ್ತಾ ಇದೀನಿ, ಚೆನ್ನಾಗಿದೀಯಾ ಅಂತ ಕೇಳದಿದ್ರೆ ನಾನು ಮನ್ಷಾನಾ?"

"ಅವರು ಈಗ ಕೂತಿಲ್ಲ ದೊಡ್ಡಪ್ಪ. ಆಮೇಲೆ ಯಾವಾಗಲೋ ಕೂರ್ತಾರೆ."

"ಯಾವಾಗ್ಲಾದ್ರೂ ಕುಂತ್ಕಳ್ಳಿ. ಕುಂತಾಗ ನಾನು ಕೇಳಿರ್ಬೇಕಲ್ಲ?"

ನಾನು ಹೋಗಿ ಎರಡನೆಯ ಕುರಿಯನ್ನು ಹಿಡಿದು ತಂದೆ.

ಎರಡನೆಯ ಕುರಿಗೆ ಅವನು ಬಾಯಿ ಮುಚ್ಚಿಕೊಂಡೇ ಇದ್ದ, ಆದರೆ ಕತ್ತರಿ ಕೆಳಗಿಟ್ಟು ಗಾಜಿಗೆ ಕೈಮುಗಿದ. ಅದು ಬೀಗಿತ್ತಿಗಂತೆ. ಮೂರನೆಯದಕ್ಕೆ ಉಣ್ಣೆಯ ಗೊಂಚಲೊಂದನ್ನು ಎತ್ತಿ ಹಿಡಿದು ತೋರಿಸಿದ. ಈ ವರ್ಷದ ಉಣ್ಣೆ ಹೇಗಿದೆಯೆಂದು ಮಗಳಿಗೆ ತಿಳಿಯಬೇಡವೇ? ನಾಲ್ಕನೆಯದಕ್ಕೆ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಕನ್ನಡಕದವರು ಉಸಿರು ಹಿಡಿದಿದ್ದರು. ಅಷ್ಟರಲ್ಲಿ ದೊಡ್ಡವ್ವ ಒಳಗಿಂದ ಓಡಿಬಂದು, "ಎಲ್ಲಾ ನೀವೇ ಮಾತಾಡ್ಬಿಟ್ರೆ ನಾನೇನ್ ಸತ್ತಿದೀನಾ?" ಎಂದು ಕ್ಯಾಮೆರಾದ ಮುಂದೆ ನಿಂತು ಮಗಳಿಗೆ ಎಣ್ಣೆ ಹಚ್ಚಿಕೊಂಡು ತಲೆಸ್ನಾನ ಮಾಡುವ ಕುರಿತು ಕೆಲವು ಸೂಚನೆಗಳನ್ನು ಕೊಟ್ಟಳು.

ಇಷ್ಟಾಗುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ, ಕುರಿಗಳು ಮುಗಿದಿದ್ದವು. ರೊಪ್ಪದ ತುಂಬ ಬೋಳು ಕುರಿಗಳು ನಿಂತು, ತಮ್ಮನ್ನು ಇಷ್ಟು ಅವಸರದಲ್ಲಿ ಬೆತ್ತಲೆ ಮಾಡಿದ್ದು ಯಾಕೆಂಬಂತೆ ಜೀಪನ್ನು ನೋಡುತ್ತಿದ್ದವು. ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. ರೀಲು ಇನ್ನು ಸ್ವಲ್ಪವೇ ಉಳಿದಿದೆ, ಬೇರೆ ಊರಿನಲ್ಲಿ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಮೌನಿ ಪೆಟ್ಟಿಗೆಯ ಮುಚ್ಚಳ ತೆಗೆದ.

ದೊಡ್ಡಪ್ಪನ ಮುಖ ಇಳಿದುಹೋಯಿತು. ಅವನು ಯಾರ ಮುಂದೆಯೂ ಬೇಡಿದವನಲ್ಲ. ಅಂದು ನನ್ನ ತೋಳು ಹಿಡಿದು, "ಇನ್ನೊಂದೇ ಒಂದು ಕುರಿ. ಈ ಸರ್ತಿ ಹೇಳ್ದಂಗೆ ಕೇಳ್ತೀನಿ. ಅವ್ಳು ನನ್ನ ನೋಡಿದ್ರೆ ಸಾಕು" ಎಂದ.

ಕತ್ತರಿ ಕಾಣದ ಕುರಿಗಳು ಉಳಿದಿದ್ದದ್ದು ಇಡೀ ಹಟ್ಟಿಯಲ್ಲಿ ಒಂದೇ ಕಡೆ, ಜಾಲಿಬೇಲಿಯ ಆಚೆ. ಅವುಗಳ ಒಡೆಯ ಬೆಳಗಿನಿಂದ ಬೇಲಿಗೆ ಗದ್ದ ಊರಿ ಸಮಸ್ತವನ್ನೂ ನೋಡುತ್ತಿದ್ದ.

ನಮ್ಮಲ್ಲಿ ಉಣ್ಣೆ ಕತ್ತರಿಸುವ ಕೆಲಸಕ್ಕೆ ಕೂಲಿಯಿಲ್ಲ, ಮುಯ್ಯಿ ಉಂಟು. ನಿನ್ನ ಕುರಿ ನಾನು ಕತ್ತರಿಸಿದರೆ ನನ್ನ ಕುರಿ ನೀನು ಕತ್ತರಿಸಬೇಕು. ಮುಯ್ಯಿಗೆ ಕರೆದರೆ, ಜಗಳವಿದ್ದರೂ, ಬರುವುದಿಲ್ಲ ಎನ್ನುವಂತಿಲ್ಲ. ಆದರೆ ಕರೆಯಬೇಕಾದವನು ಬಾಯಿಬಿಟ್ಟು ಕರೆಯಬೇಕು. ದೊಡ್ಡಪ್ಪ ಬೇಲಿಯವರೆಗೆ ಹೋದ. ಬಾಯಿ ಬರಲಿಲ್ಲ.

"ಮೇಷ್ಟ್ರೇ, ಹೇಳಪ್ಪ ಅವ್ನಿಗೆ, ಅವನ ಕುರಿ ನಾನು ಮುಯ್ಯಿಗೆ ಕತ್ತರಿಸ್ತೀನಿ ಅಂತ."

ಎರಡು ಮೊಳ ದೂರದಲ್ಲಿ ನಿಂತಿದ್ದ ಮಾವ ನನ್ನ ಕಡೆ ತಿರುಗಿದ. "ಏನಂತಪ್ಪ?"

ನಾನು ಹೇಳಿದೆ.

"ಕೇಳಪ್ಪ ಅವ್ನಿಗೆ, ಭತ್ತದೂರಿನ ಬೀಗರ ಹತ್ರ ಕುರಿ ಇಲ್ವಂತಾ ಅಂತ."

ಕೇಳಿದೆ.

"ಹೇಳಪ್ಪ, ಕೊಡಾದಾದ್ರೆ ಕೊಡ್ಲಿ, ಇಲ್ದಿದ್ರೆ ಇಲ್ಲ ಅನ್ಲಿ ಅಂತ."

ಮಾವ ಗಡ್ಡ ಕೆರೆದುಕೊಂಡ. "ಕೊಡ್ತೀನಂತ ಹೇಳು. ಆದ್ರೆ ನಾನೂ ಪಕ್ದಲ್ಲಿ ಕುಂತು ಕತ್ತರಿಸ್ತೀನಿ. ಅವ್ಳು ನನ್ ಅಕ್ಕನ ಮಗ್ಳು. ಅಪ್ಪನ ಮುಖ ಒಂದನ್ನೇ ನೋಡಿ ಕೂಸು ಹೆದ್ರಿಕಂಡಾತು."

ಹೀಗೆ ಎರಡು ದೇಶಗಳ ಒಪ್ಪಂದಕ್ಕೆ ರಾಯಭಾರಿಯಾಗಿ ನಾನು ಸಹಿ ಹಾಕಿದೆ. ಎರಡು ಕುರಿಗಳು ಬಂದು ಅಕ್ಕಪಕ್ಕ ಮಲಗಿದವು. ಕನ್ನಡಕದವರಿಗೆ ಇದು ಇನ್ನೂ ಚೆಂದವೆನಿಸಿತು. "ಸಹಕಾರ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕ್ಯಾಮೆರಾ ಕರ್ರೆಂದಿತು.

ಇಬ್ಬರೂ ತಲೆ ತಗ್ಗಿಸಿ ಶುರು ಮಾಡಿದರು. ಉಣ್ಣೆಯ ಮೊದಲ ಗೊಂಚಲುಗಳು ಬಿದ್ದವು. ಆಗ ಮಾವ ತನ್ನ ಕುರಿಗೆ ಹೇಳಿದ: "ನೋಡ್ಲೇ, ಪಕ್ದೋರ ಕತ್ತರಿ ಮೊಂಡ ಆಗೈತೆ. ಅನ್ನ ಉಂಡ ಕೈ ಹಂಗೇ."

ದೊಡ್ಡಪ್ಪ ಉತ್ತರ ಕೊಡಲು ನಾಯಿಯನ್ನು ಹುಡುಕಿದ. ನಾಯಿ ಜೀಪಿನ ನೆರಳಲ್ಲಿ ಮಲಗಿತ್ತು. ಮೂರನೆಯವನಾದ ನಾನು ಕ್ಯಾಮೆರಾದ ಹಿಂದಿದ್ದೆ. ಬೇರೆ ದಾರಿಯೇ ಇರಲಿಲ್ಲ.

"ನಿನ್ ಕತ್ತರಿ ಅಷ್ಟು ಚೂಪಿದ್ರೆ ಹೊಟ್ಟೆ ಕಡೆ ಯಾಕ್ಲೇ ಇನ್ನೂ ಹಂಗೇ ಐತೆ?" ಎಂದ.

ಎರಡು ವರ್ಷಗಳಲ್ಲಿ ಅವನು ಭಾವಮೈದುನನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ದೊಡ್ಡವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಹೊಟ್ಟೆ ಕಡೆ ಆಮ್ಯಾಕೆ. ನೀನು ಮೊದ್ಲು ಬೆನ್ನು ಮುಗ್ಸು."

"ಬೆನ್ನು ಆಗ್ಲೇ ಆತು. ಕಣ್ಣು ಕಾಣಲ್ವಾ?"

"ಅದು ಬೆನ್ನಾ? ಇಲಿ ಕಡ್ದಂಗೈತೆ!"

ಅಲ್ಲಿಂದ ಅದು ಕೆಲಸವಾಗಿ ಉಳಿಯಲಿಲ್ಲ, ಪಂದ್ಯವಾಯಿತು. ಇಬ್ಬರ ಕತ್ತರಿಗಳೂ ಮಿಡತೆಗಳಂತೆ ಹಾರಿದವು. ಉಣ್ಣೆ ಕಂಬಳಿಯಂತೆ ಇಡಿಯಾಗಿ ಬಿಚ್ಚಿಕೊಂಡು ಬಂತು. ಮೌನಿ ಬಗ್ಗಿದ, ಮಂಡಿಯೂರಿದ, ಹತ್ತಿರ ಹೋದ. ದೊಡ್ಡಪ್ಪನಿಗೆ ಯಾವುದರ ಪರಿವೆಯೂ ಇರಲಿಲ್ಲ. ಮದುವೆ, ಭತ್ತ, ರಾಗಿ, ಎಲ್ಲಿಯೋ ಕಳೆದುಹೋದ ಒಂದು ಕೊರಳಗಂಟೆ, ಎಲ್ಲವೂ ಆ ಕುರಿಗಳ ಮೈಮೇಲೆ ಇತ್ಯರ್ಥವಾಯಿತು. ಕೂದಲೆಳೆಯಷ್ಟು ಮುಂಚೆ ದೊಡ್ಡಪ್ಪ ಮುಗಿಸಿ ಕುರಿಯ ಕಾಲು ಬಿಚ್ಚಿ, "ಗೆದ್ದೆ ಕಣ್ಲೇ!" ಎಂದು ತೊಡೆ ತಟ್ಟಿದ.

"ಕಟ್. ಬಹಳ ಚೆನ್ನಾಗಿ ಬಂತು!" ಎಂದರು ಕನ್ನಡಕದವರು. "ರೀಲೂ ಮುಗೀತು."

ಆಗ ದೊಡ್ಡಪ್ಪ ತಲೆ ಎತ್ತಿದ. ಗಾಜಿಗೆ ಮುಚ್ಚಳ ಬಿದ್ದಾಗಿತ್ತು.

"ಅಯ್ಯೋ, ಮಗ್ಳನ್ನ ಮಾತಾಡಿಸ್ಲೇ ಇಲ್ವಲ್ಲೋ!"

ಜೀಪು ಹೊರಟ ಮೇಲೂ ಅವನು ಧೂಳು ಅಡಗುವವರೆಗೆ ದಾರಿಯನ್ನೇ ನೋಡುತ್ತ ನಿಂತಿದ್ದ. ಅಂದು ಸಂಜೆ ಮುದ್ದೆ ಮುಟ್ಟಲಿಲ್ಲ. ಮಾವ ಬೇಲಿಯಾಚೆಯಿಂದ, ಟಗರಿಗಲ್ಲ, ನೇರವಾಗಿ ಅವನಿಗೇ, "ಹೋಗ್ಲಿ ಬಿಡು ಭಾವ, ಬೆನ್ನಾದ್ರೂ ಕಂಡಿರ್ತೈತೆ" ಎಂದು ಸಮಾಧಾನ ಹೇಳಿದ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಕೆಲವು ತಿಂಗಳು ಕಳೆದವು. ಕುರಿಗಳ ಮೈಮೇಲೆ ಉಣ್ಣೆ ಮತ್ತೆ ದಟ್ಟವಾಗತೊಡಗಿದ್ದ ಕಾಲ. ಒಂದು ಮಧ್ಯಾಹ್ನ ನಾನು ಸ್ಕೂಲಿನಿಂದ ಬರುವಾಗ ಐಮಂಗಲದಲ್ಲಿ ಬಸ್ಸಿನಿಂದ ಒಬ್ಬ ಹೆಂಗಸು ಗಂಟು ಸಮೇತ ಇಳಿದಳು. ದೊಡ್ಡಪ್ಪನ ಮಗಳು, ನಮ್ಮ ತಂಗಿ! ನನ್ನನ್ನು ಕಂಡವಳೇ, "ಮನೇಲಿ ಐತಾ ನಮ್ಮಪ್ಪ?" ಎಂದು ಕೇಳಿದಳು. ಕೇಳಿದ ಧಾಟಿ ಒಳ್ಳೆಯದಿರಲಿಲ್ಲ. ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು, "ಹೋಗಾಣ ಬಾವ್ವ" ಎಂದೆ. ದಾರಿಯುದ್ದಕ್ಕೂ ಅವಳು ಮುಂದೆ, ನಾನು ಹಿಂದೆ.

ದೊಡ್ಡಪ್ಪ ರೊಪ್ಪದಲ್ಲಿದ್ದ. ಮಗಳನ್ನು ಕಂಡು ಅವನ ಬಾಯಿ ತೆರೆಯಿತು. ಅದು ತೆರೆದೇ ಇರುವಾಗ ಅವಳು ಶುರು ಮಾಡಿದಳು.

"ನಾನೇನ್ ತಪ್ ಮಾಡಿದೀನಿ ಹೇಳಪ್ಪ. ಊರೋರೆಲ್ಲ ಕುಂತಿದಾರೆ. ನಮ್ಮಪ್ಪ ಬಂದ, ನಮ್ಮಪ್ಪ ಬಂದ ಅಂತ ನಾನೇ ಕೂಗಿ ಎಲ್ರನ್ನೂ ಮುಂದೆ ಕುಂಡ್ರಿಸಿದೀನಿ. ಒಂದ್ ಸಲ, ಒಂದೇ ಒಂದ್ ಸಲ ತಲೆ ಎತ್ತಿದ್ಯಾ? ಕುರಿ ಮೈ ಸವರಾದೇನು, ಬೆನ್ನು ತಟ್ಟಾದೇನು! ಎದ್ರಿಗೆ ಮಗ್ಳು ಕುಂತಿರಾದು ಕಾಣಲಿಲ್ವಾ?"

"ಅವ್ವಾ, ಅದು ನಾನು..."

"ನಮ್ಮತ್ತೆ ಏನಂದ್ಲು ಗೊತ್ತಾ? 'ನಿಮ್ಮಪ್ಪಗ ನಿನ್ ಮ್ಯಾಲ ಸಿಟ್ಟು ಐತಿ ಕಾಣ್ತೈತಿ. ನಾವು ಕಳಿಸಲಿಲ್ಲ ಅಂತ ನಮ್ ಮ್ಯಾಲೂ ಸಿಟ್ಟು. ಊರ ಮುಂದ ಮಾನ ಹೋತು. ಕೊಯ್ಲು ಹಾಳಾಗ್ಲಿ, ಹೋಗಿ ಸಮ ಮಾಡ್ಕೊಂಡು ಬಾ' ಅಂತ ಅವ್ಳೇ ಬಸ್ ಹತ್ತಿಸಿದ್ಲು."

ದೊಡ್ಡಪ್ಪ ನನ್ನ ಕಡೆ ತಿರುಗಿದ. ಆ ನೋಟದಲ್ಲಿದ್ದ ವಿಜಯವನ್ನು ನಾನು ಈವರೆಗೆ ಯಾವ ಚುನಾವಣೆಯಲ್ಲಿ ಗೆದ್ದವರ ಮುಖದಲ್ಲೂ ಕಂಡಿಲ್ಲ. "ಕೇಳಿಸ್ಕಂಡ್ಯಾ ಮೇಷ್ಟ್ರೇ? ನಾನು ಏನ್ ಹೇಳ್ದೆ? ಎದ್ರಿಗೆ ಕುಂತಿರ್ತಾರೆ ಅಂತ ಹೇಳ್ಲಿಲ್ವಾ? ಆ ಕನ್ನಡಕದೋನಿಗೆ ಬುದ್ಧಿ ಎಲ್ಲೈತೆ?"

"ಅದ್ ಬಿಡು" ಎಂದಳು ಮಗಳು. ಅವಳ ದೂರು ಇನ್ನೂ ಮುಗಿದಿರಲಿಲ್ಲ. "'ಕರ್ನಾಟಕದ ಮಧ್ಯಭಾಗದಲ್ಲಿ ಶ್ರಮಜೀವಿ ಕುರಿಗಾಹಿಯು' ಅಂತೆಲ್ಲಾ ಠೀವಿಯಿಂದ ಮಾತಾಡಾದು ಯಾವಾಗ ಕಲ್ತೆ ನೀನು? ನಮ್ ಜತೆ ಒಂದಿನಾನೂ ಹಂಗೆ ಮಾತಾಡ್ಲಿಲ್ಲ."

ಅದು ಚಿತ್ರಕ್ಕೆ ಆಮೇಲೆ ಸೇರಿಸಿದ ಬೇರೆ ಯಾರದೋ ಧ್ವನಿ ಎಂದು ನಾನು ವಿವರಿಸಲು ಹೋದೆ. ದೊಡ್ಡಪ್ಪ ನನ್ನನ್ನು ಕಣ್ಣಲ್ಲೇ ಸುಮ್ಮನಿರಿಸಿ, "ಏನೋ, ಬಾಯಿಗೆ ಬಂತು, ಅಂದೆ" ಎಂದ.

"ಮಾವ ವಾಸಿ" ಎಂದಳು ಅವಳು. "ಕೊನೇಲಾದ್ರೂ ತಲೆ ಎತ್ತಿ, ಚೆನ್ನಾಗಿದೀಯಾ ಅನ್ನಂಗೆ ನಕ್ಕ."

ದೊಡ್ಡಪ್ಪ ನಿಧಾನವಾಗಿ ಬೇಲಿಯ ಕಡೆ ತಿರುಗಿದ. ಬೇಲಿಯ ಮೇಲಿದ್ದ ಗದ್ದ ಮಾಯವಾಗಿತ್ತು.

"ಅದಕ್ಕೇನ್ಲೇ ನೀನು ಸೋತಿದ್ದು?" ಎಂದು ದೊಡ್ಡಪ್ಪ ಬೇಲಿಗೆ ಕೂಗಿದ.

"ಸೋತೆ ಅಂತ ಯಾವನ್ಲೇ ಹೇಳಿದ್ದು?" ಎಂದಿತು ಬೇಲಿ.

ತಂಗಿ ಹದಿನೈದು ದಿನ ಇದ್ದಳು. ಮಾವನ ಮನೆಯಲ್ಲೂ ಉಂಡಳು. ಎದುರಿಗೆ ಕೂತ ಮಗಳ ಮುಖವನ್ನು ದೊಡ್ಡಪ್ಪ ಆ ದಿನಗಳಲ್ಲಿ ನೇರವಾಗಿ ನೋಡಿದ್ದು ನನಗೆ ನೆನಪಿಲ್ಲ, "ಉಂಡೇನವ್ವಾ?" ಎಂದು ಕೇಳುವಾಗಲೂ ಕುರಿಯ ಕಡೆ ನೋಡುತ್ತಲೇ ಕೇಳುತ್ತಿದ್ದ. ನಮ್ಮ ಕಡೆಯ ಅಪ್ಪಂದಿರಿಗೆ ಮಗಳ ಮುಖ ನೋಡಿ ಮಾತಾಡಲು ನಡುವೆ ಒಂದು ಗಾಜು ಬೇಕೋ ಏನೋ.

ಅವಳನ್ನು ಐಮಂಗಲದಲ್ಲಿ ಬಸ್ಸು ಹತ್ತಿಸಿ ನಾನೂ ಅವನೂ ಹೋಟೆಲಿಗೆ ಬಂದು ಕೂತೆವು. ಚಹಾ ಆರಿತು. ಆಮೇಲೆ ಅವನು ಮೆಲ್ಲಗೆ ಬಗ್ಗಿ, ಹೋಟೆಲಿನವನಿಗೆ ಕೇಳಿಸದಂತೆ ಹೇಳಿದ:

"ಮೇಷ್ಟ್ರೇ, ಆ ಕನ್ನಡಕದೋರು ಎಲ್ಲವ್ರೆ ಗೊತ್ತಾ? ಮುಂದಿನ ವರ್ಷಾನೂ ಬರ್ರಿ ಅನ್ನು. ಕುರಿ ಎಷ್ಟು ಬೇಕಾದ್ರೂ ಕೊಡ್ತೀನಿ. ತಲೆ ಮಾತ್ರ ಎತ್ತಲ್ಲ ಅಂತ ಹೇಳು."